ಎರಡು ಸೋರಿಕೆಗಳ ನಡುವೆ ಸರಿಯಾಗಿ ಕಂಡ ಅಳತೆ

ಹಳೆಯ ಯೆಜ್ಡಿ ಬೈಕಿನ ಟೂ-ಸ್ಟ್ರೋಕ್ ಎಂಜಿನ್ನಿನ ಹೆಡ್ಡಿನಲ್ಲಿ (ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ) ವಾಲ್ವ್ ಇರುವುದಿಲ್ಲ. ಹಾಗಾಗಿ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಆ ಗಾಡಿಗಳನ್ನಷ್ಟೇ ಬಿಚ್ಚಿ ಜೋಡಿಸುತ್ತಿದ್ದ ದಿನಗಳಲ್ಲಿ ನನಗೆ ಫ್ಲೋ ಬೆಂಚಿನ, ಎಂದರೆ ಹೆಡ್ಡಿನ ಮೂಲಕ ಎಷ್ಟು ಗಾಳಿ ಹರಿಯುತ್ತದೆಂದು ಅಳೆಯುವ ಸಾಧನದ, ಅಗತ್ಯವೇ ಬಿದ್ದಿರಲಿಲ್ಲ. ವಾಲ್ವ್ ಇರುವ ಬುಲೆಟ್ ಹೆಡ್ಡುಗಳ ಪೋರ್ಟ್ (ಗಾಳಿ ಹಾಯುವ ದಾರಿ) ತಿದ್ದಲು ತೊಡಗಿದ ಮೇಲೆ, ತಿದ್ದಿದ್ದರಿಂದ ಗಾಳಿ ನಿಜಕ್ಕೂ ಹೆಚ್ಚು ಹೋಗುತ್ತಿದೆಯೇ ಎಂದು ಅಳೆಯುವುದಕ್ಕಾಗಿ ಮೈಸೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಬೆಂಚನ್ನು ನಾನೇ ಕಟ್ಟಿಕೊಂಡೆ. ಪ್ಲೈವುಡ್ ಪೆಟ್ಟಿಗೆ, ಅದರ ನಡುವೆ ಒಂದು ಅಡ್ಡ ಹಲಗೆ, ಆ ಹಲಗೆಯಲ್ಲಿ 40 ಮಿ.ಮೀ. ರಂಧ್ರದ ಅಳತೆ ತಗಡು, ಕೆಳಗೆ ವ್ಯಾಕ್ಯೂಮ್ ಕ್ಲೀನರ್ ಮೋಟಾರುಗಳು. ಪೆಟ್ಟಿಗೆಯ ಮೇಲಿನ ಬಾಯಿಗೆ ಹೆಡ್ ಕೂರಿಸಿದರೆ, ಮೋಟಾರುಗಳು ಗಾಳಿಯನ್ನು ಅದರ ಮೂಲಕ ಮೇಲಿನ ಕೋಣೆಗೂ, ಅಲ್ಲಿಂದ ಅಳತೆಯ ರಂಧ್ರ ದಾಟಿಸಿ ಕೆಳಗಿನ ಕೋಣೆಗೂ ಎಳೆಯುತ್ತವೆ. ನೀರಿನ ಏರಿಕೆಯಿಂದ ಒತ್ತಡ ತೋರಿಸುವ ಮ್ಯಾನೋಮೀಟರುಗಳಿಗೆ ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪೇ ಸಾಕಾಯಿತು: ಒಂದು ಮೇಲಿನ ಕೋಣೆಯ ಒತ್ತಡಕ್ಕೆ (ಇದೇ ಪರೀಕ್ಷೆಯ ಒತ್ತಡ), ಇನ್ನೊಂದು ರಂಧ್ರದ ಎರಡು ಬದಿಯ ವ್ಯತ್ಯಾಸಕ್ಕೆ (ಇದರಿಂದ ಹರಿವು ತಿಳಿಯುತ್ತದೆ).

ಗೊತ್ತಿರುವ ವ್ಯಾಸದ ರಂಧ್ರ ಕೊರೆದ ತಗಡೊಂದನ್ನು ಹೆಡ್ಡಿನ ಬದಲು ಮೇಲಿಟ್ಟು ನೋಡಿದಾಗ ಅಳತೆ ಲೆಕ್ಕಕ್ಕೆ ಸರಿಹೊಂದಿತು. ಅಷ್ಟಕ್ಕೇ ತೃಪ್ತನಾದದ್ದು ನನ್ನ ತಪ್ಪು. ಕೆಲವು ವಾರಗಳ ನಂತರ ಅದಕ್ಕಿಂತ ಚಿಕ್ಕ ರಂಧ್ರವನ್ನಿಟ್ಟಾಗ ಅಳತೆ ಲೆಕ್ಕಕ್ಕಿಂತ ಹೆಚ್ಚು ಬಂದಿತು, ದೊಡ್ಡದನ್ನಿಟ್ಟಾಗ ಲೆಕ್ಕಕ್ಕಿಂತ ಕಡಿಮೆ ಬಂದಿತು.

ಕಾರಣ ಎರಡು ಸೋರಿಕೆಗಳು. ಮೇಲಿನ ಕೋಣೆಗೆ ಹೊರಗಿನಿಂದ ನುಸುಳುವ ಗಾಳಿಯೂ ಅಳತೆಯ ರಂಧ್ರದ ಮೂಲಕವೇ ಹೋಗುವುದರಿಂದ ಅದು ಅಳತೆಯನ್ನು ಹೆಚ್ಚಿಸುತ್ತದೆ. ಅಡ್ಡ ಹಲಗೆಯ ಸಂದಿಯಲ್ಲಿ ಕೆಳಗಿಳಿಯುವ ಗಾಳಿ ರಂಧ್ರವನ್ನು ತಪ್ಪಿಸಿಕೊಂಡು ಹೋಗುವುದರಿಂದ ಅಳತೆಯನ್ನು ತಗ್ಗಿಸುತ್ತದೆ. ಪರೀಕ್ಷೆಯ ಒತ್ತಡ ಬದಲಾಗದಿದ್ದರೆ ಮೊದಲನೆಯದು ಯಾವಾಗಲೂ ಅಷ್ಟೇ ಇರುತ್ತದೆ, ಎರಡನೆಯದು ಹರಿವಿನ ಜೊತೆಗೆ ಬೆಳೆಯುತ್ತದೆ. ನಾನು ಆರಿಸಿಕೊಂಡಿದ್ದ ಮಧ್ಯದ ಗಾತ್ರದಲ್ಲಿ ಎರಡೂ ಒಂದನ್ನೊಂದು ತಿಂದುಹಾಕಿದ್ದವು. ಮೋಟಾರುಗಳಿರುವ ಕೆಳಗಿನ ಕೋಣೆಗೆ ಹೊರಗಿನಿಂದ ಬರುವ ಸೋರಿಕೆಯಾದರೋ ಮೋಟಾರಿನ ಶಕ್ತಿಯನ್ನು ಪೋಲು ಮಾಡುತ್ತದೆಯೇ ಹೊರತು ಅಳತೆಯನ್ನು ಕೆಡಿಸುವುದಿಲ್ಲ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೇಲಿನ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಹಾಕಿ ತಗಡು ಮುಚ್ಚಿ, 250 ಮಿ.ಮೀ. ನೀರಿನ ಒತ್ತಡ ಬರುವಂತೆ ಎಳೆದೆ. ಹರಿವಿನ ಮ್ಯಾನೋಮೀಟರ್ ಅಲುಗಲೇ ಇಲ್ಲ. ಸೋರಿಕೆಯೇ ಇಲ್ಲವೆಂದು ಇಲ್ಲಿ ಯಾರಾದರೂ ಮೋಸ ಹೋಗಬಹುದು, ಏಕೆಂದರೆ ನೀರಿನ ಏರಿಕೆ ಹರಿವಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 40 ಮಿ.ಮೀ. ರಂಧ್ರವನ್ನು ತೆಗೆದು 10 ಮಿ.ಮೀ. ರಂಧ್ರವನ್ನು ಹಾಕಿದಾಗ ನೀರು 100 ಮಿ.ಮೀ. ಏರಿತು. ಅದೇ ಗಾಳಿ ದೊಡ್ಡ ರಂಧ್ರದಲ್ಲಿ ತೋರಿಸುತ್ತಿದ್ದುದು 0.4 ಮಿ.ಮೀ. ಮಾತ್ರ, ಅಷ್ಟನ್ನು ಕಣ್ಣು ಗುರುತಿಸುವುದಿಲ್ಲ. ಹಾಗೆಂದು ಅದು ಸಣ್ಣದಲ್ಲ: 400 ಮಿ.ಮೀ. ಏರಿಸುವ ಪೂರ್ಣ ಹರಿವಿನ ಶೇ. 3ರಷ್ಟು, ವಾಲ್ವ್ ಸ್ವಲ್ಪವೇ ತೆರೆದಿರುವಾಗಿನ ಹರಿವಿಗೆ ಹೋಲಿಸಿದರೆ ಅದಕ್ಕಿಂತ ಬಹಳ ಹೆಚ್ಚು.

ಜಾಗ ಹುಡುಕಲು ಊದುಬತ್ತಿಯೇ ಸಾಕಾಯಿತು. ಮೈಸೂರಿನಲ್ಲಿ ಅದಕ್ಕೇನು ಬರ! ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅಂಚುಗಳ ಉದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದಾಗ ಹೊಗೆ ಪ್ಲೈವುಡ್ಡಿನ ಕತ್ತರಿಸಿದ ಅಂಚಿನೊಳಗೇ ಸೇರಿಹೋಯಿತು. ಸೋರುತ್ತಿದ್ದುದು ಕೀಲಲ್ಲ, ಪದರಗಳ ನಡುವಿನ ಟೊಳ್ಳು. ಹೊರಗೆ ಎಷ್ಟು ಸಿಲಿಕೋನ್ ಬಳಿದರೂ ಪ್ರಯೋಜನವಾಗದಿದ್ದುದು ಇದರಿಂದಲೇ. ಅಂಚುಗಳಿಗೆ ಎರಡು ಸಲ ವಾರ್ನಿಷ್ ಕುಡಿಸಿದ ಮೇಲೆ 100 ಮಿ.ಮೀ. ಇದ್ದದ್ದು 6ಕ್ಕೆ ಇಳಿಯಿತು.

ಅಡ್ಡ ಹಲಗೆಯ ಸಂದಿಗೆ ಹೊಗೆ ತಲುಪುವುದಿಲ್ಲ. ಅಳತೆಯ ರಂಧ್ರವನ್ನು ಪೂರ್ತಿ ಮುಚ್ಚಿ, ಮೇಲಿನ ಬಾಯಿಗೆ 6 ಮಿ.ಮೀ. ರಂಧ್ರದ ತಗಡಿಟ್ಟು ಮೋಟಾರ್ ಹಾಕಿದೆ. ಹಲಗೆ ಬಿಗಿಯಾಗಿದ್ದರೆ ಮೇಲಿನ ಕೋಣೆಯಲ್ಲಿ ಒತ್ತಡ ಹುಟ್ಟಲೇಬಾರದು. ನನ್ನಲ್ಲಿ ನೀರು ತಕ್ಷಣ ಏರಿತು. ಮ್ಯಾನೋಮೀಟರಿನ ಪೈಪು ಹಾಯಲು ಕೊರೆದಿದ್ದ ತೂತು ಅರ್ಧ ತೆರೆದೇ ಉಳಿದಿತ್ತು. ಎಂ-ಸೀಲ್ ತುಂಬಿದೆ.

ಈಗ ಪ್ರತಿ ಸಲ ಹೆಡ್ ಕೂರಿಸಿದೊಡನೆ ವಾಲ್ವುಗಳನ್ನು ಮುಚ್ಚಿ, ಚಿಕ್ಕ ರಂಧ್ರದಲ್ಲಿ ಸೋರಿಕೆಯನ್ನು ಅಳೆದು ಬರೆದಿಟ್ಟುಕೊಂಡು, ಅದೇ ಒತ್ತಡದಲ್ಲಿ ಬರುವ ಮುಂದಿನ ಎಲ್ಲ ಹರಿವುಗಳಿಂದ ಅದನ್ನು ಕಳೆಯುತ್ತೇನೆ.