ಹಳೇ ಫಿಲ್ಮ್ ರೀಲು ಕೆಂಪಾಗ್ತಿದ್ಯಾ? ಫ್ರೀಜರ್‌ಗೆ ತುರುಕೋ ಮುಂಚೆ ಸ್ವಲ್ಪ ತಡೀರಿ

ಮನೇಲಿರೋ ಸೂಪರ್ 8 ಅಥವಾ 16 ಎಂಎಂ ಪ್ರಿಂಟು ಕೆಂಪಗೆ ಕಾಣ್ತಿದೆ ಅಂದ್ರೆ ಅದ್ರಲ್ಲಿದ್ದ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಹೋಗ್ತಿದೆ ಅಂತ ಲೆಕ್ಕ. 1980ರ ದಶಕದ ಶುರುಗಿಂತ ಹಿಂದಿನ, ಕೊಡಾಕ್ ಕಂಪನಿಯ ಈಸ್ಟ್‌ಮನ್‌ಕಲರ್ ಪ್ರಿಂಟುಗಳದ್ದೆಲ್ಲ ಹೆಚ್ಚುಕಮ್ಮಿ ಇದೇ ಪಾಡು, ಡಬ್ಬಿಲಿ ಕತ್ತಲಲ್ಲಿಟ್ರೂ ಮಾಸುತ್ತೆ. ಅದೇ ಕಂಪನಿಯ ಇನ್ನೊಂದು ಬಗೆ ಫಿಲ್ಮ್ ಕೊಡಾಕ್ರೋಮ್ ಇದಕ್ಕೆ ಉಲ್ಟಾ, ಕತ್ತಲಲ್ಲಿ ಗಟ್ಟಿ, ಪ್ರೊಜೆಕ್ಟರ್ ಬೆಳಕಿಗೆ ಬೇಗ ಸೋಲುತ್ತೆ. ಯಾವುದೇ ಆಗ್ಲಿ, ಹೋದ ಬಣ್ಣ ಫಿಲ್ಮಿಗೆ ವಾಪಸ್ ಬರಲ್ಲ, ಬಣ್ಣ ತರಿಸ್ತೀವಿ ಅನ್ನೋ ಸ್ಪ್ರೇಗಳಿಗೆ ದುಡ್ಡು ಸುರೀಬೇಡಿ.

1. ಡಬ್ಬಿ ತೆಗ್ದು ಮೂಸಿ. ವಿನೆಗರ್ ವಾಸನೆ ಬಂದ್ರೆ ಅಸಿಟೇಟ್, ಅಂದ್ರೆ ಫಿಲ್ಮಿನ ಪ್ಲಾಸ್ಟಿಕ್ ಪಟ್ಟಿ, ಕೊಳೀತಿದೆ, ಆ ರೀಲನ್ನ ಉಳಿದವುಗಳಿಂದ ದೂರ ಇಡಿ.

2. ಧೂಳನ್ನ ನೂಲು ಬಿಡದ ಒಣ ಬಟ್ಟೇಲಿ ಒರೆಸಿ. ನೀರು ಬೇಡ.

3. ಸ್ಕ್ಯಾನ್ ಮಾಡ್ಸಿ. ಫ್ರೀಜರ್‌ಗಿಂತ ಮೊದಲು ಇದೇ ಆಗ್ಬೇಕು. ‘ಒಂದ್ಸಲ ಓಡಿಸಿ ನೋಡೋಣ’ ಅಂತ ಪ್ರೊಜೆಕ್ಟರ್‌ಗೆ ಹಾಕ್ಬೇಡಿ, ಕುಗ್ಗಿರೋ ಫಿಲ್ಮ್ ಹಲ್ಲಿಗೆ ಸಿಕ್ಕಿ ಹರಿಯುತ್ತೆ, ನೋಡ್ಲೇಬೇಕು ಅಂದ್ರೆ ಬೆಳಕಿಗೆ ಹಿಡಿದು ಭೂತಗನ್ನಡೀಲಿ ನೋಡಿ ಸಾಕು.

4. ಈಗ ಫ್ರೀಜರ್, ಎಲ್ರೂ ಎಡವೋದು ಇಲ್ಲೇ. ಚಳಿಲಿ ಬಣ್ಣ ನಿಧಾನಕ್ಕೆ ಮಾಸುತ್ತೆ ನಿಜ, ತೇವ ಮಾತ್ರ ಆಗ್ಬರಲ್ಲ. ಮಳೆ ಹಿಡ್ಕೊಂಡಿರೋ ದಿನ ಪ್ಯಾಕ್ ಮಾಡಿದ್ರೆ ಆ ತೇವಾನೇ ಒಳಗೆ ಸೀಲ್ ಮಾಡ್ದಂಗೆ, ಅದಕ್ಕೆ ಒಣ ಹವೆ ಇರೋವಾಗ, ತೇವಾಂಶ ಶೇ 30ರಿಂದ 50ರೊಳಗೆ ಇದ್ದಾಗ ಕೂತ್ಕೊಳ್ಳಿ. ರೀಲಿನ ಡಬ್ಬೀನ ದಪ್ಪ ಜಿಪ್ ಕವರ್‌ಗೆ ಹಾಕಿ ಗಾಳಿ ಪೂರ್ತಿ ಒತ್ತಿ ತೆಗೀರಿ, ಅದನ್ನ ಇನ್ನೊಂದು ಕವರ್ ಒಳಗಿಡಿ, ಎರಡರ ಮಧ್ಯೆ ತೇವ ತೋರ್ಸೋ ಕಾರ್ಡ್ ಇಡಿ. ಕಾರ್ಡು ನೀಲಿಯಿಂದ ಗುಲಾಬಿಗೆ ತಿರುಗಿದ್ರೆ ಹೊರಗಿನ ಕವರ್ ಸೋರ್ತಿದೆ, ಬದಲಾಯ್ಸಿ. ಮಾಮೂಲಿ ಅಡುಗೆಮನೆ ಕವರ್ ತೆಳುವಾಗಿ ಸೋರುತ್ತೆ, ನಾನಂತೂ ಬಳಸಲ್ಲ.

ಹೊರಗೆ ತೆಗ್ದಾಗ ತಕ್ಷಣ ಬಿಚ್ಚೋದೇ ದೊಡ್ಡ ಎಡವಟ್ಟು. ತಣ್ಣಗಿರೋ ಫಿಲ್ಮಿಗೆ ಹೊರಗಿನ ಗಾಳಿ ತಾಗಿದ್ರೆ ಹನಿ ಕಟ್ಟುತ್ತೆ, ಎಮಲ್ಷನ್ (ಚಿತ್ರ ಇರೋ ಪದರ) ಅಂಟಂಟಾಗಿ ಸುತ್ತಿಗೆ ಸುತ್ತು ಮೆತ್ಕೊಳುತ್ತೆ, ಆಮೇಲೆ ಬಿಡಿಸೋಕೆ ಹೋದ್ರೆ ಚಿತ್ರಾನೇ ಕಿತ್ಕೊಂಡ್ ಬರುತ್ತೆ. ಕವರ್ ಮುಚ್ಚಿದ್ದಂಗೇ ಒಂದು ಪೂರ್ತಿ ದಿನ ಹೊರಗಿಟ್ಟು, ಡಬ್ಬಿ ಮುಟ್ಟಿದ್ರೆ ಚಳಿ ಇಲ್ಲ ಅನ್ಸಿದ್ಮೇಲೇ ಬಿಚ್ಚಿ.

ಇನ್ನು ಸ್ಕ್ಯಾನ್ ಮಾಡೋರ ಹತ್ರ, ಹಲ್ಲುಚಕ್ರ ಇಲ್ದೆ ಫಿಲ್ಮ್ ಎಳೆಯೋ ಸ್ಕ್ಯಾನರ್ ಇದ್ಯಾ ಕೇಳಿ. ಅವ್ರು ಬಣ್ಣ ಸರಿಮಾಡಿ ಕೊಡೋ ಫೈಲ್ ಜೊತೆಗೆ ಕರೆಕ್ಷನ್ ಮಾಡದ ಫೈಲೂ ಬೇಕು, ಅದು ಬಣ್ಣದ ಛಾಯೆಗಳನ್ನ ಅಳೆಯೋ ಲೆಕ್ಕದಲ್ಲಿ 10 ಬಿಟ್‌ಗೆ ಕಮ್ಮಿ ಇರ್ಬಾರ್ದು, ಯಾಕಂದ್ರೆ ಅಳಿದುಳಿದ ಸಯಾನ್ ಹುಡುಕಿ ಎಳೆಯೋಕೆ ಸಾಮಾನ್ಯ ಎಂಪಿ4ನಲ್ಲಿ ಸರಕೇ ಇರಲ್ಲ.