ಮಕ್ಕಳ ಎತ್ತರ, ತೂಕ ಅಳೆದು ಬೆಳವಣಿಗೆ ನಕ್ಷೆಯಲ್ಲಿ ಗುರುತಿಸುವ ಕ್ರಮ

ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಮಗುವಿನ ವಯಸ್ಸು ಕೇಳಿದರೆ "ಆವಣಿ ಜಾತ್ರೆ ಮುಗಿದ ವಾರ ಹುಟ್ಟಿದ್ದು" ಎಂದು ಅಜ್ಜಿಯಂದಿರು ಲೆಕ್ಕ ಹೇಳುತ್ತಾರೆ. ಆ ನೆನಪಿಗೂ ಬೆಲೆಯಿದೆ. ಆದರೆ ಅಳತೆಗೆ ತೊಡಗುವ ಮುನ್ನ ತಾಯಿ ಕಾರ್ಡಿನಲ್ಲಾಗಲಿ ಜನನ ಪ್ರಮಾಣಪತ್ರದಲ್ಲಾಗಲಿ ಇರುವ ದಿನಾಂಕವನ್ನು ನೋಡಿ, ತುಂಬಿದ ತಿಂಗಳುಗಳನ್ನಷ್ಟೇ ಎಣಿಸಬೇಕು. 87 ಸೆಂಟಿಮೀಟರ್ ಎತ್ತರದ ಹುಡುಗನಿಗೆ ಎರಡೂವರೆ ವರ್ಷವೆಂದು ಬರೆದುಕೊಂಡರೆ ಅವನು ಮಿತಿಯೊಳಗೇ ಇರುತ್ತಾನೆ, ಏಕೆಂದರೆ ಆ ವಯಸ್ಸಿನ ಕೆಳಮಿತಿ 85.1. ಆದರೆ ಅವನಿಗೆ ನಿಜವಾಗಿ ಮೂರು ತುಂಬಿದ್ದರೆ ಕೆಳಮಿತಿ 88.7 ಆಗುವುದರಿಂದ ಅವನದು ಕುಂಠಿತ ಬೆಳವಣಿಗೆ ಎಂದಾಗುತ್ತದೆ. ಅಳತೆಯಲ್ಲಿ ನುಸುಳುವ ತಪ್ಪುಗಳ ಪೈಕಿ ವಯಸ್ಸಿನ ತಪ್ಪೇ ಮಗುವಿಗೆ ಹೆಚ್ಚು ಕೇಡು ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ಎರಡು ವರ್ಷದವರೆಗೆ ವಯಸ್ಸಿನಿಂದ ಕಳೆಯಬೇಕು.

ಎರಡು ವರ್ಷದೊಳಗಿನ ಮಗುವನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿಯೇ ಅಳೆಯಬೇಕು. ಇದಕ್ಕೆ ಇಬ್ಬರು ಬೇಕು: ತಾಯಿ ತಲೆಯ ಬಳಿ ನಿಂತು ನೆತ್ತಿಯನ್ನು ಹಲಗೆಗೆ ತಾಗಿಸಿ ಹಿಡಿದರೆ, ಅಳೆಯುವವರು ಮೊಣಕಾಲನ್ನು ಮೆಲ್ಲನೆ ಒತ್ತಿ, ಪಾದವನ್ನು ನೇರ ಮಾಡಿ ಓದಿಕೊಳ್ಳುತ್ತಾರೆ. ಎರಡು ತುಂಬಿದವರನ್ನು ನಿಲ್ಲಿಸಿ ಅಳೆಯಬೇಕು. ಹಿಮ್ಮಡಿ, ಪೃಷ್ಠ, ಹೆಗಲು ಮತ್ತು ತಲೆಯ ಹಿಂಭಾಗ ಮಾಪಕಕ್ಕೆ ತಾಗಿರಬೇಕು, ನೋಟ ನೇರವಾಗಿರಬೇಕು. ಹೆಣ್ಣುಮಕ್ಕಳ ಜಡೆಯನ್ನೂ ಹೂವನ್ನೂ ಬಿಡಿಸದೆ ಅಳೆದರೆ ಒಂದೆರಡು ಸೆಂಟಿಮೀಟರ್ ಸುಳ್ಳೇ ಸೇರಿಕೊಳ್ಳುತ್ತದೆ, ಆದ್ದರಿಂದ ತಾಯಿಗೆ ಬೇಸರವಾದರೂ ತಿಳಿಯಹೇಳಿ ಬಿಡಿಸಬೇಕು. ನಿಲ್ಲಲೊಪ್ಪದ ದೊಡ್ಡ ಮಗುವನ್ನು ಮಲಗಿಸಿ ಅಳೆದಾಗ ಬಂದ ಅಂಕಿಯಿಂದ 0.7 ಸೆಂಟಿಮೀಟರ್ ಕಳೆಯಬೇಕು. ತೂಕಕ್ಕೆ ಮುನ್ನ ಯಂತ್ರವನ್ನು ಸೊನ್ನೆಗೆ ತಂದು, ದಪ್ಪ ಬಟ್ಟೆಯನ್ನೂ ಕಾಲ್ಗೆಜ್ಜೆಯನ್ನೂ ತೆಗೆಸಿದರೆ ಸಾಕು.

ಐದು ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಡಿಸಿದ ಮಾನದಂಡವನ್ನು ಬಳಸಬೇಕು. "ಅಪ್ಪ ಅಮ್ಮ ಕುಳ್ಳಗಿದ್ದಾರೆ, ಮಗುವೂ ಹಾಗೇ" ಎಂಬ ಸಮಾಧಾನ ನಮ್ಮಲ್ಲಿ ಬಹಳ ಸುಲಭವಾಗಿ ಸಿಗುತ್ತದೆ. ಆದರೆ ಆ ಮಾನದಂಡ ಯಾವುದೋ ಪರದೇಶದ ಮಕ್ಕಳದ್ದಷ್ಟೇ ಅಲ್ಲ. ಬ್ರೆಜಿಲ್, ಘಾನಾ, ನಾರ್ವೆ, ಓಮನ್, ಅಮೆರಿಕಗಳ ಜೊತೆಗೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದು ಅದನ್ನು ಸಿದ್ಧಪಡಿಸಿದರು. ಎದೆಹಾಲು, ಆಹಾರ, ಆರೈಕೆ ಸರಿಯಾಗಿದ್ದಾಗ ಈ ದೇಶಗಳ ಎಳೆಯ ಮಕ್ಕಳು ಹೆಚ್ಚುಕಡಿಮೆ ಒಂದೇ ತೆರನಾಗಿ ಬೆಳೆದರೆಂಬುದು ಅಲ್ಲಿ ಕಂಡ ಸಂಗತಿ.

ನಕ್ಷೆಯಲ್ಲಿ ವಯಸ್ಸಿನ ಗೆರೆಯೂ ಅಳತೆಯ ಗೆರೆಯೂ ಕೂಡುವಲ್ಲಿ ಚುಕ್ಕೆಯಿಟ್ಟು, ಹಿಂದಿನ ಚುಕ್ಕೆಗೆ ಸೇರಿಸಬೇಕು. ವಯಸ್ಸಿಗೆ ತಕ್ಕ ಎತ್ತರ ನಕ್ಷೆಯ ಮೈನಸ್ 2ರ ಗೆರೆಯ, ಅಂದರೆ ಮೊದಲು ಹೇಳಿದ ಕೆಳಮಿತಿಯ, ಕೆಳಗಿದ್ದರೆ ಕುಂಠಿತ, ಅದಕ್ಕೂ ಕೆಳಗಿನ ಮೈನಸ್ 3ರ ಗೆರೆಯನ್ನೂ ದಾಟಿ ಇಳಿದಿದ್ದರೆ ತೀವ್ರ ಕುಂಠಿತ. ಎತ್ತರಕ್ಕೆ ತಕ್ಕ ತೂಕ ಹಾಗೆ ಇಳಿದಿದ್ದರೆ ಮಗು ಈಚೆಗೆ ಸೊರಗಿದೆ ಎಂದರ್ಥ. ಮಿತಿಯೊಳಗೇ ಇದ್ದರೂ ಗೆರೆ ಅಡ್ಡಡ್ಡ ಸಾಗುತ್ತಿದ್ದರೆ, ಕೆಳಗೆ ಬಿದ್ದ ಒಂಟಿ ಚುಕ್ಕೆಗಿಂತ ಅದಕ್ಕೇ ನಾನು ಹೆಚ್ಚು ಗಮನ ಕೊಡುತ್ತೇನೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮುಂದಿನ ತಿಂಗಳ ಅಳತೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು.

ಶಾಲೆಯ ಮಕ್ಕಳಿಗೆ ಈ ನಕ್ಷೆ ಸಲ್ಲದು. ಐದರಿಂದ 19 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ನಕ್ಷೆ, ಐದರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ನಕ್ಷೆ ಇವೆ. ಒಂದು ಮಗುವಿಗೆ ಒಂದನ್ನೇ ಕೊನೆಯವರೆಗೂ ಬಳಸಬೇಕು. 2007ರ ನಕ್ಷೆಯಲ್ಲಿ ವಯಸ್ಸಿಗೆ ತಕ್ಕ ತೂಕ ಹತ್ತು ವರ್ಷಕ್ಕೇ ನಿಲ್ಲುತ್ತದೆ, ಏಕೆಂದರೆ ಆಮೇಲೆ ಮಕ್ಕಳು ದಿಢೀರನೆ ಉದ್ದವಾಗುವುದರಿಂದ ತೂಕವೊಂದೇ ದಾರಿ ತಪ್ಪಿಸುತ್ತದೆ. ಆಗ ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದಿಂದ ಎರಡು ಬಾರಿ ಭಾಗಿಸಿ, ಬಂದ ಅಂಕಿಯನ್ನು ವಯಸ್ಸಿನ ನಕ್ಷೆಯಲ್ಲಿ ನೋಡಬೇಕು, 1.40 ಮೀಟರ್ ಎತ್ತರ, 35 ಕಿಲೋ ತೂಕದವರಿಗೆ ಅದು 17.9. ಹುಡುಗಿಯರು ಸುಮಾರು ಎರಡು ವರ್ಷ ಮುಂಚೆಯೇ ನೆಗೆದು ಬೆಳೆಯುವ ಕಾರಣ, ಆರನೆಯ ತರಗತಿಯಲ್ಲಿ ಅಕ್ಕಪಕ್ಕ ನಿಂತ ಹುಡುಗ ಹುಡುಗಿಯರನ್ನು ಪರಸ್ಪರ ಹೋಲಿಸಬಾರದು. ಆದರೆ ಹುಡುಗಿಗೆ 13 ತುಂಬಿದರೂ, ಹುಡುಗನಿಗೆ 14 ತುಂಬಿದರೂ ಪ್ರಾಯದ ಯಾವ ಗುರುತೂ ಕಾಣದಿದ್ದರೆ, ಹಿಂದಿನ ಅಳತೆಗಳನ್ನೆಲ್ಲ ಬರೆದ ಹಾಳೆಯೊಂದಿಗೆ ಮಕ್ಕಳ ವೈದ್ಯರನ್ನು ಕಾಣಬೇಕು.