ಎಗ್‌ನ ಕೋಣೆಯನ್ನು ಪೆಟ್ಟಿಗೆಯಲ್ಲಿ ಕಟ್ಟಿದ್ದು

ಇಂಗ್ಲಿಷ್ ಚಿತ್ರಕಾರ ಆಗಸ್ಟಸ್ ಎಗ್‌ನ ‘ಪಾಸ್ಟ್ ಅಂಡ್ ಪ್ರೆಸೆಂಟ್’ (1858) ಎಂಬ ಮೂರು ಚಿತ್ರಗಳ ಮಾಲೆಯ ಮೊದಲನೆಯದನ್ನು, ಹೆಂಡತಿಯ ಪ್ರೇಮಸಂಬಂಧ ಗಂಡನಿಗೆ ಗೊತ್ತಾದ ಗಳಿಗೆಯ ಚಿತ್ರವನ್ನು, ಮೂಲದಷ್ಟೇ, 25 ಇಂಚಿಗೆ 30, ನಕಲು ಮಾಡಲು ಹೋಗಿ ಎರಡು ಕ್ಯಾನ್ವಾಸ್ ಹಾಳಾದವು. ಪ್ರಿಂಟ್ ನೋಡಿ ಬರೆದರೆ ಆಕೃತಿಗಳು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದವು. ಮಾಡೆಲ್‌ಗಳನ್ನು ಕರೆಸಿದ್ದಕ್ಕೆ ಹೆಚ್ಚುಕಡಿಮೆ ಒಂಬತ್ತು ಸಾವಿರ ಹೋಯಿತು. ನೆಲಕ್ಕೆ ಬಿದ್ದ ಹೆಂಡತಿಯ ಭಂಗಿಯಲ್ಲಿ ಹತ್ತು ನಿಮಿಷ ಇರುವುದೇ ಕಷ್ಟ. ಎದ್ದು ಮತ್ತೆ ಮಲಗಿದರೆ ಲಂಗದ ನೆರಿಗೆಯೇ ಬೇರೆ.

ಸ್ಕಾಟಿಷ್ ಚಿತ್ರಕಾರ ಡೇವಿಡ್ ವಿಲ್ಕಿ ಪೆಟ್ಟಿಗೆಯೊಳಗೆ ಮಣ್ಣಿನ ಗೊಂಬೆ ಇಟ್ಟು ನೆರಳು-ಬೆಳಕು ನೋಡುತ್ತಿದ್ದ. ಅದನ್ನೇ ಹಿಡಿದೆ. ‘ಗೊಂಬೆಯಾಟ’ ಎಂದು ನಕ್ಕವರು ಈಗ ಅಳತೆ ಕೇಳುತ್ತಿದ್ದಾರೆ: ಎಂಟಕ್ಕೊಂದು ಸ್ಕೇಲು, ಒಳಗಡೆ 30 ಇಂಚು ಅಗಲ, 20 ಆಳ, 16 ಎತ್ತರ, 8 ಎಂಎಂ ಪ್ಲೈ. ಬಲ್ಬು, ಬಟ್ಟೆ, ಗಾಜು ಸೇರಿ ಎರಡೂವರೆ ಸಾವಿರದ ಒಳಗೇ ಮುಗಿಯಿತು.

ಜೇಡಿಮಣ್ಣು ಕೈಕೊಟ್ಟಿತು. ಒಣಗುವಾಗ ಮಣ್ಣು ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ. ಮೊಣಕೈ, ಸೊಂಟ ಬಿರುಕು. ಒಣಗದ, ಎಣ್ಣೆ ಬೆರೆಸಿದ ಆಯಿಲ್ ಕ್ಲೇಗೆ ಬದಲಾಯಿಸಿದೆ. ಅರವತ್ತು ವ್ಯಾಟ್ ಹಳೇ ಬಲ್ಬಿನ ಕಾವಿಗೆ ಗಂಡನ ತಲೆ ಎದೆಗೆ ಇಳಿದುಬಿಟ್ಟಿತು. ಒಂಬತ್ತು ವ್ಯಾಟ್ ಎಲ್ಇಡಿ, ಮುಂದೆ ಎರಡು ಪದರ ಬಟರ್ ಪೇಪರ್ ಹಾಕಿದ ಮೇಲೆ ಸರಿಹೋಯಿತು. ಲಂಗಕ್ಕೆ ರೇಷ್ಮೆ ಬೇಡ, ಈ ಅಳತೆಗೆ ಅದು ಮಡಿಯುವುದಿಲ್ಲ. ಸವೆದ ಮಲ್ ಬಟ್ಟೆಯನ್ನು ತೆಳು ಮೈದಾ ಗಂಜಿಯಲ್ಲಿ ಅದ್ದಿ, ನೆರಿಗೆ ಕೂರಿಸಿ ಒಣಗಿಸಿ. ಗಂಜಿ ಗಟ್ಟಿಯಾದರೆ ಕಾಗದದ ಲಂಗ. ಮಳೆಗಾಲದಲ್ಲಿ ಚಿಟಿಕೆ ಮೈಲುತುತ್ತ ಹಾಕದಿದ್ದರೆ ವಾರದೊಳಗೆ ಬೂಷ್ಟು.

ತಲೆ ತಿಂದದ್ದು ಕನ್ನಡಿ. ಚಿತ್ರದಲ್ಲಿ ತೆರೆದ ಬಾಗಿಲು ಕಾಣುವುದು ಕನ್ನಡಿಯಲ್ಲಿ ಮಾತ್ರ, ಅವಳು ಇನ್ನು ಹೊರಡಬೇಕಾದ ಬಾಗಿಲು. ಅಂದರೆ ಅದು ನೋಡುವವನ ಕಡೆಯ ಗೋಡೆಯಲ್ಲಿದೆ. ನಾನು ಕಣ್ಣಿಟ್ಟು ನೋಡುವ ತೂತೂ ಅದೇ ಗೋಡೆಯಲ್ಲಿ! ಬಾಗಿಲಿನ ಬದಲು ನನ್ನ ಕಣ್ಣೇ ಕಾಣುತ್ತಿತ್ತು. ಕನ್ನಡಿಯ ಒಂದು ಅಂಚಿನ ಹಿಂದೆ ಬೆಂಕಿಕಡ್ಡಿ ಸಿಕ್ಕಿಸಿ ಐದು ಡಿಗ್ರಿ ತಿರುಗಿಸಿದೆ. ಬಿಂಬ ಹತ್ತು ಡಿಗ್ರಿ ಸರಿಯುತ್ತದೆ, ಇಪ್ಪತ್ತು ಇಂಚಿನ ಆಳಕ್ಕೆ ಮೂರೂವರೆ ಇಂಚು. ಬಾಗಿಲು ಕೊರೆದದ್ದು ಅಲ್ಲಿ.

ಮಕ್ಕಳು ಕಟ್ಟುತ್ತಿರುವ ಇಸ್ಪೀಟಿನ ಮನೆ ಬೀಳುತ್ತಿರಬೇಕು. ವಿಸಿಟಿಂಗ್ ಕಾರ್ಡಿನಿಂದ 11 ಎಂಎಂಗೆ 8ರ ತುಂಡು ಕತ್ತರಿಸಿ, ನಿಂತ ಎಲೆಗಳನ್ನು ಫೆವಿಕಾಲ್‌ನಿಂದ ಅಂಟಿಸಿ, ಬೀಳುವ ಮೂರನ್ನು ತಲೆಕೂದಲಿನಿಂದ ತೂಗುಬಿಟ್ಟೆ. ಹೊಲಿಗೆ ದಾರದ ನೆರಳು ಬೀಳುತ್ತದೆ, ಕೂದಲಿನದು ಬೀಳುವುದಿಲ್ಲ. ಸೇಬನ್ನೂ ಎರಡು ಹೋಳಾಗಿಯೇ ಮಾಡಿ: ಒಂದು ನೆಲದ ಮೇಲೆ, ಇನ್ನೊಂದು ಮೇಜಿನ ಮೇಲೆ, ಚಾಕು ಚುಚ್ಚಿಕೊಂಡು.

ಮುಖಗಳಿಗೆ ಶ್ರಮ ಹಾಕಬೇಡಿ. ನಾನು ಕಣ್ಣು-ಮೂಗು ಕೆತ್ತಿದ ಗಂಡನಿಗಿಂತ ಮುಖವೇ ಇಲ್ಲದ ಗಂಡನೇ ಹೆಚ್ಚು ನೊಂದವನಂತೆ ಕಂಡ. ಕೈಯಲ್ಲಿ ಕಾಗದ, ಬೂಟಿನಡಿ ಪ್ರಿಯಕರನ ಪುಟ್ಟ ಚಿತ್ರ, ಅಷ್ಟು ಸಾಕು. ಎಗ್ ಡಿಕನ್ಸ್‌ನ ಹವ್ಯಾಸಿ ತಂಡದಲ್ಲಿ ನಟಿಸಿದವನು, ಹಿಂದಿನ ಸಾಲಿಗೆ ಮುಖ ಕಾಣುವುದಿಲ್ಲ ಎಂಬುದು ಗೊತ್ತಿದ್ದವನು.

ನಡುವೆ ಇನ್ನೊಂದು ಚಪಲ: ಆ ಕಾಲದ ರಂಗದ ಹಾಗೆ ಕೆಳಗಿನಿಂದ ಬೆಳಕು ಬಿಟ್ಟೆ. ಮೂಗಿನ ನೆರಳು ಹಣೆಗೆ ಹತ್ತಿ ಎಲ್ಲರೂ ಖಳನಾಯಕರಾದರು. ಅದನ್ನು ತೆಗೆದು, ನೆಲಕ್ಕೊಂದು ರಟ್ಟು ಹಾಸಿ ಮೇಲಿನ ಬೆಳಕನ್ನೇ ಪ್ರತಿಫಲಿಸಿದೆ. ರಟ್ಟಿಗೆ ಬಳಿದ ಬಣ್ಣ ಯಾವುದು ಎಂದು ಮಾತ್ರ ಕೇಳಬೇಡಿ.

ಈಗ ಮಾಲೆಯ ಉಳಿದೆರಡು ಚಿತ್ರಗಳಿಗೂ ಅದೇ ಪೆಟ್ಟಿಗೆ. ಎರಡರಲ್ಲೂ ಒಂದೇ ಚಂದ್ರ, ಅದರ ಕೆಳಗೆ ಅದೇ ಚೂರು ಮೋಡ. ಹಾಗಾಗಿ ಹಿಂದಿನ ಹಲಗೆಗೆ ಒಂದೇ ತೂತು. ಮುಂದೆ ಎರಡನೆಯ ಚಿತ್ರದ, ಆ ದಂಪತಿಯ ಹೆಣ್ಣುಮಕ್ಕಳ ಬಡಕೋಣೆ ತೆಗೆದು ಮೂರನೆಯದರ ಥೇಮ್ಸ್ ದಂಡೆಯ ಕಮಾನು ಇಟ್ಟರೆ ಆಯಿತು. ಕಮಾನಿನ ಗೋಡೆಗೆ ನಾಟಕದ ಪೋಸ್ಟರ್ ಅಂಟಿಸುವುದು ಬಾಕಿ. ‘ವಿಕ್ಟಿಮ್ಸ್’ ಎಂಬ ಅಕ್ಷರಗಳನ್ನು ಆ ಅಳತೆಗೆ ಬರೆಯಲು ಸೊನ್ನೆ ನಂಬರ್ ಬ್ರಷ್ಷೂ ದಪ್ಪವಾಗುತ್ತಿದೆ.